ನನ್ನ ಪರವಾಗಿ ಯಾರು ಹೇಳಬೇಕು

ಮೊದಲ ಸಲ ಉಸಿರು ಸಾಲದೆ ನಿಂತದ್ದು ಎಲ್ಲಿ ಎಂದು ನನಗೆ ಖಚಿತವಿಲ್ಲ. ಶೃಂಗೇರಿಯಲ್ಲಿ, ಮಗಳ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಎಂದು ನಾನು ಹೇಳುತ್ತೇನೆ. ತಿರುವಿನಲ್ಲಿ ಕಂಬಿ ಹಿಡಿದು ನಿಂತೆ. ಕೆಳಗಿನ ಮನೆಯವರು ಒಗ್ಗರಣೆ ಹಾಕುತ್ತಿದ್ದರು, ಆ ಘಾಟಿಗೆ ಕೆಮ್ಮು ಬಂತು ಅಂದುಕೊಂಡೆ. ನನ್ನ ಹೆಂಡತಿ ಗಿರಿಜ ಅಲ್ಲ ಎನ್ನುತ್ತಾಳೆ. ಅದಕ್ಕೂ ಎಷ್ಟೋ ಮೊದಲು, ಕೊಪ್ಪದ ಸಂತೆಯಲ್ಲಿ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡಿದ್ದಾಗ ನಾನು ಮಾತನ್ನು ಅರ್ಧಕ್ಕೆ ನಿಲ್ಲಿಸಿದೆನಂತೆ.

"ನೀವು ಮಾತು ಅರ್ಧಕ್ಕೆ ಬಿಡೋ ಜನ ಅಲ್ಲ. ಅದಕ್ಕೇ ನನಗೆ ನೆನಪಿದೆ" ಎನ್ನುತ್ತಾಳೆ.

ಇಬ್ಬರಲ್ಲಿ ಒಬ್ಬರದು ತಪ್ಪು. ಇಬ್ಬರದೂ ತಪ್ಪಿರಬಹುದು.

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಘಟನೆ ನಡೆದ ಜಾಗದಲ್ಲಿ ಇದ್ದ ಮಾತ್ರಕ್ಕೆ ಒಬ್ಬನ ಸಾಕ್ಷಿ ನಿಜವಾಗುವುದಿಲ್ಲ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುತ್ತಿದ್ದೆ. ಮೈಸೂರಿನಲ್ಲಿ ಎಂ.ಎ. ಮಾಡುವಾಗ ನನಗೆ ಕಲಿಸಿದ್ದೂ ಅದನ್ನೇ. ಹೇಳುವವನು ಎಲ್ಲಿ ನಿಂತಿದ್ದ, ಅವನಿಗೆ ಎಷ್ಟು ಕಾಣುತ್ತಿತ್ತು, ಹಾಗೆ ಹೇಳಿದರೆ ಅವನಿಗೆ ಏನು ಲಾಭ ಎಂದು ಕೇಳಬೇಕು. ಈ ಪ್ರಶ್ನೆಗಳನ್ನು ನನ್ನ ಮೇಲೆಯೇ ಹಾಕಿಕೊಳ್ಳಬೇಕಾಗುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ಕೊಪ್ಪದ ಡಾಕ್ಟರ್ ಮೇಡಂ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಮೊದಲು ನನ್ನ ಉಗುರು ನೋಡಿದರು. ಆಮೇಲೆ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಒಳಗೆ ವೆಲ್ಕ್ರೋ ಪಟ್ಟಿ ಚರ್ರನೆ ಬಿಚ್ಚಿದ ಹಾಗೆ ಶಬ್ದ ಬರ್ತಿದೆ ಎಂದು ಸಿ.ಟಿ. ಸ್ಕ್ಯಾನಿಗೆ ಕಳಿಸಿದರು.

ಐ.ಎಲ್.ಡಿ. ಇಂಟರ್‌ಸ್ಟಿಶಿಯಲ್ ಲಂಗ್ ಡಿಸೀಸ್.

ಶ್ವಾಸಕೋಶ ನಾರುಗಟ್ಟುತ್ತಾ ಹೋಗುತ್ತದೆ. ಆದದ್ದನ್ನು ಸರಿ ಮಾಡುವ ಮದ್ದಿಲ್ಲ. ಆಗುವುದನ್ನು ನಿಧಾನ ಮಾಡಬಹುದು. ನಾನು ನಂಬಲಿಲ್ಲ. ಶಿವಮೊಗ್ಗಕ್ಕೆ ಹೋದೆ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದೆ, ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ ಪರೀಕ್ಷೆ ಮಾಡಿದೆ. ಎಲ್ಲರೂ ಒಂದೇ ಮಾತು ಹೇಳಿದರು. ಆ ಮೂರು ಅಕ್ಷರಗಳನ್ನು ಒಪ್ಪಿಕೊಂಡು ಮನೆಗೆ ಬಂದೆ.

ಒಪ್ಪಿಕೊಂಡು ಒಂದಷ್ಟು ಕಾಲ ಚೆನ್ನಾಗಿಯೇ ಇದ್ದೆ. ಮಾತ್ರೆ, ನಿಧಾನ ನಡಿಗೆ, ಮಹಡಿ ಹತ್ತುವುದು ಬಂದ್. ಆಮೇಲೆ ಒಂದು ಬೆಳಿಗ್ಗೆ ಜ್ವರ ಬಂತು. ಹಲ್ಲುಜ್ಜಿ ಕುರ್ಚಿಗೆ ಬರುವಷ್ಟರಲ್ಲಿ ಆಕ್ಸಿಜನ್ ಅಳೆಯುವ ಬೆರಳಿನ ಯಂತ್ರದಲ್ಲಿ ಅಂಕಿ ಇಳಿಯುತ್ತಲೇ ಹೋಯಿತು. ನರಸಿಂಹರಾಜಪುರದಿಂದ ತಮ್ಮ ಷಡಕ್ಷರಿ ಕಾರು ತಂದ. ಕಾರು ಸಾಲುವುದಿಲ್ಲ ಎಂದರು ಕೊಪ್ಪದ ಮೇಡಂ, ಆಂಬ್ಯುಲೆನ್ಸ್ ಬಂತು. ಘಟ್ಟ ಇಳಿಯುವಾಗ ತಿರುವು ತಿರುವಿಗೂ ಗಿರಿಜಳ ಬಳೆಗಳು ಸ್ಟ್ರೆಚರಿನ ಕಂಬಿಗೆ ತಾಗಿ ಸದ್ದಾಗುತ್ತಿದ್ದವು. ಇದು ನನಗೆ ಸ್ಪಷ್ಟವಾಗಿ ನೆನಪಿದೆ.

ಅವಳು ಆವತ್ತು ಬಳೆ ಹಾಕಿರಲಿಲ್ಲವಂತೆ.

ಐ.ಸಿ.ಯು.ನಲ್ಲಿ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಅಲ್ಲಿಂದ ಮುಂದೆ ನನ್ನಲ್ಲಿರುವುದು ಬರೀ ಚೂರುಗಳು. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು, ಉತ್ತರಿಸಲು ಬಾಯಿ ಇರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ನೀರಿತ್ತು, ಅದು ಏರುತ್ತಾ ಇಳಿಯುತ್ತಾ ಇತ್ತು. ಎದುರಿಗೆ ಒಂದು ದೊಡ್ಡ ಗಾಜು. ಗಾಜಿನಾಚೆ ಗಿರಿಜ ನಿಂತಿದ್ದಳು. ಟ್ಯೂಬ್ ತೆಗೆಸು ಎಂದು ನಾನು ಕಣ್ಣಲ್ಲೇ ಕೇಳಿದೆ. ಅವಳು ನನ್ನನ್ನು ನೋಡಿದಳು. ನೋಡಿ, ಮುಖ ತಿರುಗಿಸಿ ಹೋದಳು.

ಮನೆಗೆ ಬಂದ ಮೇಲೆ ನಾನು ತೆಗೆದುಕೊಂಡ ತೀರ್ಮಾನವೆಲ್ಲ ನಿಂತದ್ದು ಈ ಕೊನೆಯ ಚೂರಿನ ಮೇಲೆ.

ಬದುಕಿ ಬಂದದ್ದು ಹೌದು. ಕಾಯಿಲೆಯ ಮೇಲೆ ನ್ಯುಮೋನಿಯಾ ಸೇರಿಕೊಂಡಿತ್ತು, ಅದು ಇಳಿಯಿತು, ಹಳೆಯ ಕಾಯಿಲೆ ಉಳಿಯಿತು ಎಂದು ಕೊಪ್ಪದ ಮೇಡಂ ಬಿಡಿಸಿ ಹೇಳಿದರು. ಕಾಲು ಕಡ್ಡಿಯಾಗಿತ್ತು. ಚಮಚ ಹಿಡಿಯುವುದನ್ನು ಹೊಸದಾಗಿ ಕಲಿತೆ. ಹಜಾರದ ಮೂಲೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬಂದು ಕೂತಿತು. ಕರೆಂಟ್ ಹೋದರೆ ಇನ್ವರ್ಟರ್, ಅದೂ ಹೋದರೆ ಸಿಲಿಂಡರ್. ಯಂತ್ರದಿಂದ ನನ್ನ ಮೂಗಿನವರೆಗೆ ಉದ್ದನೆಯ ಟ್ಯೂಬ್. ಕೊಪ್ಪ ಪೇಟೆಯ ಮನೆ ಚಿಕ್ಕದು, ಆದರೂ ಟ್ಯೂಬ್ ಅಡುಗೆಮನೆಯ ಹೊಸ್ತಿಲಿಗೆ ಮುಗಿಯುತ್ತಿತ್ತು. ಒಲೆಯ ಹತ್ತಿರ ಆಕ್ಸಿಜನ್ ಹೋಗಬಾರದು ಎಂದು ಬೇಕೆಂದೇ ಅಷ್ಟೇ ಉದ್ದ ಇಟ್ಟಿದ್ದರು.

ಎರಡನೇ ಚೆಕಪ್ಪಿನಲ್ಲಿ ಮೇಡಂ ಪೆನ್ನು ಕೆಳಗಿಟ್ಟರು. "ಸರ್, ಒಂದು ವಿಷಯ ನೀವು ಈಗಲೇ ಮನೆಯಲ್ಲಿ ಮಾತಾಡ್ಬೇಕು. ಈ ಸಲದ ಹಾಗೆ ಮುಂದಿನ ಸಲ ಆಗದೆ ಇರಬಹುದು. ಆಗ ವೆಂಟಿಲೇಟರ್ ಬೇಕಾ, ಬೇಡವಾ? ಅದನ್ನ ಐ.ಸಿ.ಯು. ಬಾಗಿಲಲ್ಲಿ ನಿಂತು ಯೋಚನೆ ಮಾಡೋಕಾಗಲ್ಲ."

ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಲು ಈಗ ಕಾನೂನಿನಲ್ಲಿ ಅವಕಾಶವಿದೆ. ಅಡ್ವಾನ್ಸ್ ಡೈರೆಕ್ಟಿವ್ ಎನ್ನುತ್ತಾರೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕು, ನೋಟರಿಯವರೋ ಗೆಜೆಟೆಡ್ ಅಧಿಕಾರಿಯೋ ದೃಢೀಕರಿಸಬೇಕು. ನಮ್ಮ ಪರವಾಗಿ ಮಾತಾಡುವವರ ಹೆಸರು ಅದರಲ್ಲಿರಬೇಕು. ಅಷ್ಟಾದರೂ ಕೊನೆಗೆ ಆಸ್ಪತ್ರೆಯ ಡಾಕ್ಟರುಗಳ ಮಂಡಳಿ ನೋಡಿ ಒಪ್ಪಬೇಕು. ಇದನ್ನೆಲ್ಲ ನಾನು ಒಂದೇ ದಿನದಲ್ಲಿ ಓದಿ ಮುಗಿಸಿದೆ. ಉತ್ಸಾಹವೂ ಬಂತು ಎಂದರೆ ವಿಚಿತ್ರವಾಗಿ ಕೇಳಬಹುದು. ನನಗೆ ಬಹಳ ದಿನಗಳ ಮೇಲೆ ಮಾಡಲು ಒಂದು ಕೆಲಸ ಸಿಕ್ಕಿತ್ತು.

"ನಿನ್ನ ಹೆಸರು ಹಾಕ್ತೀನಿ" ಎಂದೆ ಗಿರಿಜಳಿಗೆ.

"ಬೇಡ."

"ಮತ್ತೆ ಯಾರದ್ದು?"

"ಯಾರದ್ದಾದ್ರೂ ಹಾಕಿ. ನಂದು ಬೇಡ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಹೊಸ್ತಿಲಲ್ಲಿ ಟ್ಯೂಬ್ ಬಿಗಿಯಾಗಿ ಮೂಗನ್ನು ಹಿಂದಕ್ಕೆಳೆಯಿತು. ಅವಳು ಹೊಸ್ತಿಲಾಚೆ ನಿಂತು ತೆಂಗಿನಕಾಯಿ ತುರಿಯತೊಡಗಿದಳು.

ಗಿರಿಜ ಜಯಪುರದ ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿ ನಿವೃತ್ತಳಾದವಳು. ದಿನಾ ಬಸ್ಸಿನಲ್ಲಿ ಹೋಗಿ ಬಂದು, ಕಂಡಕ್ಟರನಿಂದ ಹಿಡಿದು ಹೆಡ್ಮಾಸ್ಟರರವರೆಗೆ ಎಲ್ಲರನ್ನೂ ಮಾತಿನಲ್ಲಿ ನಿಭಾಯಿಸಿದವಳು. ಇಂಥವಳು ಒಂದು ಹೆಸರು ಬರೆಯಲು ಯಾಕೆ ಹೆದರುತ್ತಾಳೆ? ಸಾವಿನ ಮಾತು ಆಡಿದರೆ ಸಾವು ಬರುತ್ತದೆ ಎಂಬ ಹಳೆಯ ಭಯ ಇರಬೇಕು ಅಂದುಕೊಂಡೆ. ಗಂಡನನ್ನು ಸಾಯಲು ಬಿಟ್ಟಳು ಎಂದು ನಂಟರು ಆಡಿಕೊಂಡಾರು ಎಂಬ ಅಂಜಿಕೆಯೂ ಇರಬಹುದು. ಎರಡಕ್ಕೂ ನನ್ನಲ್ಲಿ ವಾದವಿತ್ತು. ದಿನಾ ಒಂದೊಂದು ವಾದ ಮಂಡಿಸಿದೆ. ದಿನಾ ಅವಳು ಹೊಸ್ತಿಲು ದಾಟಿದಳು.

ಮಗಳು ವೀಣಾ ಶೃಂಗೇರಿಯ ಬ್ಯಾಂಕಿನಲ್ಲಿದ್ದಾಳೆ. ಭಾನುವಾರ ಬಂದಾಗ ವಿಷಯ ಕೇಳಿ, "ಅಪ್ಪ, ನನ್ನ ಹೆಸರು ಹಾಕು. ಏನು ಬರ್ದಿರ್ತೀಯೋ ಅದನ್ನ ನಾನು ಹೇಳ್ತೀನಿ" ಎಂದಳು.

ಗಿರಿಜ ಕೈಯಲ್ಲಿದ್ದ ಲೋಟವನ್ನು ಸದ್ದಾಗುವ ಹಾಗೆ ಕೆಳಗಿಟ್ಟಳು. "ಆ ಕೂಸಿನ ಬಾಯಲ್ಲಿ ಆ ಮಾತು ಆಡಿಸ್ಬೇಡಿ. ಆಡಿದ್ಮೇಲೆ ಅದು ಬಾಯಿಂದ ಹೋಗಲ್ಲ."

ಹೋಗಲ್ಲ ಎಂದು ಅವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ವಾದದ ಗುಂಗಿನಲ್ಲಿದ್ದೆ.

ಬೇಸಿಗೆ ಶುರುವಾದಾಗ ಷಡಕ್ಷರಿ ಊಟಕ್ಕೆ ಕರೆದ. ಅವನದು ನರಸಿಂಹರಾಜಪುರದಲ್ಲಿ ಪಂಪು, ಪೈಪಿನ ಅಂಗಡಿ, ಹಿಂಭಾಗದಲ್ಲೇ ಮನೆ. ಎಲ್ಲರೂ ಇರುವಾಗಲೇ ಇದನ್ನು ಮುಗಿಸಬೇಕು ಎಂದು ನಿಶ್ಚಯಿಸಿಕೊಂಡೇ ಹೊರಟೆ. ಸಿಲಿಂಡರನ್ನು ಗಿರಿಜ ಕಾಲ ಹತ್ತಿರ ಇಟ್ಟುಕೊಂಡಳು. ನಾನು ಕಾರಿನಿಂದ ಇಳಿಯುವುದನ್ನು ನೋಡುತ್ತಾ ಷಡಕ್ಷರಿ ಅಂಗಡಿಯಿಂದಲೇ ಕೂಗಿದ: "ನನ್ನ ಅಂಗಡಿಗೆ ಬರೋನು ಪೈಪು ಮನೆಯಿಂದ್ಲೇ ತಂದ್ಯಲ್ಲ ಮಾರಾಯ! ವ್ಯಾಪಾರ ಹೆಂಗೆ ಆಗ್ಬೇಕು ನಂದು?"

ಊಟವಾಯಿತು. ಎಲೆ ಅಡಿಕೆ ತಟ್ಟೆ ಬಂತು. ನಾನು ವಿಷಯ ತೆಗೆದೆ.

"ಅಣ್ಣ, ಉಂಡು ಎಲೆ ಹಾಕೋ ಹೊತ್ತಲ್ಲಿ ಇದೆಂತ ಮಾತು?" ಎಂದ ತಮ್ಮ.

"ಇನ್ಯಾವ ಹೊತ್ತಲ್ಲಿ ಆಡ್ಬೇಕು?"

"ಆ ಹೊತ್ತು ಬಂದಾಗ ನೋಡ್ಕಂಡ್ರಾತು. ನಾವೆಲ್ಲ ಇಲ್ವಾ?"

"ನೀವೆಲ್ಲ ಇದೀರಿ ಅಂತಲೇ ನನಗೆ ಭಯ."

ಅವನು ನಕ್ಕ. ವೀಣಾಳೂ ನಕ್ಕಳು. ಗಿರಿಜ ನಗಲಿಲ್ಲ.

ನಾನು ಮುಂದುವರಿಸಿದೆ. ಕೈ ಕಟ್ಟಿದ್ದನ್ನು ಹೇಳಿದೆ. ಗಾಜಿನಾಚೆ ಅವಳು ನಿಂತದ್ದು, ನಾನು ಬೇಡಿಕೊಂಡದ್ದು, ಅವಳು ಮುಖ ತಿರುಗಿಸಿ ಹೋದದ್ದು, ಎಲ್ಲವನ್ನೂ ಅವಳ ಎದುರಿಗೇ ಹೇಳಿದೆ. ಇನ್ನೊಂದು ಸಲ ನನಗೆ ಹಾಗಾಗಬಾರದು, ಟ್ಯೂಬ್ ಬೇಡ ಎಂದು ಹೇಳುವ ಧೈರ್ಯ ಇವಳಿಗೆ ಬರಬೇಕು, ಜನ ಏನೆಂದಾರು ಎಂಬ ಹೆದರಿಕೆ ಬಿಡಬೇಕು ಎಂದೆ. ತರಗತಿಯಲ್ಲಿ ಪಾಠ ಮುಗಿಸುವ ಧಾಟಿಯಲ್ಲಿ ಮುಗಿಸಿದೆ ಎಂದು ವೀಣಾ ಆಮೇಲೆ ಹೇಳಿದಳು.

ಗಿರಿಜ ಸಿಲಿಂಡರಿನ ಮೀಟರನ್ನೇ ನೋಡುತ್ತಿದ್ದಳು.

"ನಾನು ಒಂದು ಸಲ ಹೇಳಿಯಾಗಿದೆ."

ಷಡಕ್ಷರಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ.

"ಟ್ಯೂಬ್ ಸಾಕು, ಮನೆಗೆ ಕರ್ಕಂಡು ಹೋಗ್ತೀವಿ ಅಂತ ಡಾಕ್ಟರಿಗೆ ಹೇಳಿದೋಳು ನಾನೇ. ಸಹಿನೂ ನಂದೇ. ಮಾರನೇ ದಿನ ನೀವು ಕಣ್ಣು ಬಿಟ್ರಿ. ಎದ್ದು ಬಂದ್ರಿ. ಈಗ ಮತ್ತೆ ನನ್ನನ್ನೇ ಹೇಳು ಅಂತೀರಿ."

ನಾನು ತಮ್ಮನ ಮುಖ ನೋಡಿದೆ. ಅವನು ಬಾಗಿಲ ಕಡೆ ನೋಡುತ್ತಿದ್ದ.

"ಅವನನ್ನ ಕೇಳಿ" ಎಂದಳು ಗಿರಿಜ. "ಗುಂಡಿನೂ ತೆಗೆದಾಗಿತ್ತು."

"ಅತ್ತಿಗೆ, ಅದೆಂತಕ್ಕೆ ಈಗ..."

"ಹೇಳು ಷಡಕ್ಷರಿ. ಇಷ್ಟು ದಿನ ನುಂಗಿಕೊಂಡಿದ್ದು ಸಾಕು."

ನಮ್ಮವರಲ್ಲಿ ಸುಡುವುದಿಲ್ಲ. ಸ್ವಂತ ನೆಲದಲ್ಲಿ ಗುಂಡಿ ತೆಗೆದು, ಇಳಿಯಲು ಮೆಟ್ಟಿಲು ಕಡಿದು, ಒಳಗೋಡೆಯಲ್ಲಿ ಗೂಡು ಮಾಡಿ, ಸತ್ತವರನ್ನು ಅದರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಯ ಉದ್ದ ಅಗಲ ಸತ್ತವರ ಪಾದದ ಅಳತೆಯಲ್ಲಿ ಆಗಬೇಕು. ನಮ್ಮ ಜಮೀನು ಭದ್ರಾ ಹಿನ್ನೀರಿನ ಅಂಚಿನಲ್ಲಿದೆ, ಪೂರ್ತಿ ಜಂಬಿಟ್ಟಿಗೆ ನೆಲ. ಹಾರೆ ಹಾಕಿದರೆ ಕಿಡಿ ಬರುತ್ತದೆ. ಅಪ್ಪ ತೀರಿಕೊಂಡಾಗ ಗುಂಡಿ ಮುಗಿಯದೆ ಸಂಜೆವರೆಗೆ ಹೆಣ ಇಟ್ಟುಕೊಂಡು ಕಾದಿದ್ದೆವು. ಷಡಕ್ಷರಿಗೆ ಅದು ಮನಸ್ಸಿನಲ್ಲಿ ಉಳಿದಿತ್ತು. ಅತ್ತಿಗೆ ಒಪ್ಪಿದ ದಿನ, ನಾಳೆ ಅಣ್ಣನನ್ನು ತರುತ್ತಾರೆ, ಮನೆಗೆ ಬಂದ ಮೇಲೆ ಬಹಳ ಹೊತ್ತು ಇರುವುದಿಲ್ಲ ಎಂದು ಲೆಕ್ಕ ಹಾಕಿ, ತಾನು ಮುಂದಾಗಿ ರಾತ್ರಿಯೇ ಊರಿಗೆ ಬಂದು, ಆಳುಗಳನ್ನು ಕರೆದು ಬೆಳಗಿನವರೆಗೆ ತೆಗೆಸಿದ್ದಾನೆ. ಜೀವ ಹೋಗುವ ಮೊದಲು ಹಾರೆ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಅವನಿಗೆ ಅದು ಗೊತ್ತು.

"ನಿನ್ನನ್ನ ಬಿಸಿಲಲ್ಲಿ ಕಾಯಿಸ್ಬಾರ್ದು ಅಂತ ಅಣ್ಣ" ಎಂದ. ಅವನ ದನಿ ಸಣ್ಣದಾಗಿತ್ತು. "ಬೇರೆ ಎಂತಕ್ಕೂ ಅಲ್ಲ."

"ಪಾದದ ಅಳತೆ?" ಎಂದು ಕೇಳಿದೆ. ಯಾಕೆ ಅದೇ ಪ್ರಶ್ನೆ ಬಾಯಿಗೆ ಬಂತೋ ಗೊತ್ತಿಲ್ಲ.

"ನೀನು ಹೋದ ವರ್ಷ ಇಲ್ಲಿ ಚಪ್ಪಲಿ ಬಿಟ್ಟು ಹೋಗಿದ್ಯಲ್ಲ. ಹಿಮ್ಮಡಿ ಸವೆದಿದ್ದು. ಅದರಲ್ಲೇ ಅಳೆದ್ವಿ."

"ಆಮೇಲೆ?"

"ಆಮೇಲೆಂತ? ಬೆಳಿಗ್ಗೆ ಅತ್ತಿಗೆ ಫೋನು, ಇವ್ರು ಕಣ್ಣು ಬಿಟ್ರು ಅಂತ. ನಾನು ಗುಂಡಿ ಒಳಗೇ ನಿಂತಿದ್ದೆ, ಗೂಡು ಸರಿ ಆಗಿದ್ಯಾ ನೋಡ್ತಾ. ತೆಗೆದ ಗುಂಡಿ ಖಾಲಿ ಮುಚ್ಚಬಾರ್ದು ಅಂದ್ರು ಅಯ್ಯನವರು. ಬಾಳೆದಿಂಡಿಗೆ ವಿಭೂತಿ ಹಚ್ಚಿ, ಉಪ್ಪು ಹಾಕಿ, ಕೂರ್ಸಿ ಮುಚ್ಚಿದ್ವಿ." ಕೈಯಲ್ಲಿದ್ದ ಎಲೆಯನ್ನು ಮಡಚುತ್ತಾ ಹೇಳಿದ: "ನಿನಗಿಂತ ನೆಟ್ಟಗೆ ಕೂತಿತ್ತು ಮಾರಾಯ. ವಾದನೂ ಮಾಡ್ಲಿಲ್ಲ."

ನನಗೆ ನಗು ಬಂತು. ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಬೆರಳಿನ ಯಂತ್ರ ಕಿರುಚತೊಡಗಿತು. ವೀಣಾ ಬೆನ್ನು ನೀವಿದಳು. ಗಿರಿಜ ಬಗ್ಗಿ ಆಕ್ಸಿಜನ್ ಹೆಚ್ಚು ಮಾಡಿದಳು.

ಬಿಸಿಲು ಇಳಿದ ಮೇಲೆ ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿದೆ. ಯಾರಿಗೂ ಇಷ್ಟವಿರಲಿಲ್ಲ. ನೋಡದೆ ನಂಬುವವನಲ್ಲ ನಾನು ಎಂಬುದೂ ಅವರಿಗೆ ಗೊತ್ತಿತ್ತು. ಕಾರು ಹತ್ತಿರದವರೆಗೂ ಹೋಗುತ್ತದೆ. ಹಿನ್ನೀರು ಬಹಳ ಹಿಂದೆ ಸರಿದು, ಕೆಸರು ಬಿರುಕು ಬಿಟ್ಟಿತ್ತು. ಅಪ್ಪನದು, ಅಮ್ಮನದು ಕಲ್ಲಿನ ಗದ್ದುಗೆ. ಪಕ್ಕದಲ್ಲಿ ಸ್ವಲ್ಪ ತಗ್ಗಿದ ನೆಲ. ಬಾಳೆದಿಂಡು ಕೊಳೆತಂತೆ ಮಣ್ಣು ಕುಸಿದಿತ್ತು. ಬೇರೆ ಕಡೆ ಒಣಹುಲ್ಲು, ಇಲ್ಲಿ ಮಾತ್ರ ಹಸಿರು.

ನನಗೆ ಭಯವಾಗಲಿಲ್ಲ. ಇಷ್ಟು ಸಣ್ಣ ಜಾಗವೇ ಅನ್ನಿಸಿತು.

ತಮ್ಮ ಮತ್ತು ಮಗಳು ಕಾರಿನ ಹತ್ತಿರ ನಿಂತರು. ಗಿರಿಜ ಸಿಲಿಂಡರ್ ಹಿಡಿದುಕೊಂಡು ನನ್ನ ಜೊತೆ ಗದ್ದುಗೆಯ ಕಟ್ಟೆಯ ಮೇಲೆ ಕೂತಳು. ತಾನೇ ಶುರು ಮಾಡಿದಳು.

"ನಿಮ್ಮ ಮುಖ ಊದಿತ್ತು. ನಿಮ್ಮ ಹಾಗೆ ಇರ್ಲೇ ಇಲ್ಲ. ಯಾರದ್ದೋ ಗಂಡನ ಮುಂದೆ ನಿಂತಿದೀನಿ ಅನ್ನಿಸ್ತು. ಈಚೆ ಬಂದು ಡಾಕ್ಟರ ಹತ್ರ ನಾನೇ ಹೋಗಿ ಕೇಳ್ದೆ, ಇನ್ನು ಸಾಕು, ಮನೆಗೆ ಕರ್ಕಂಡು ಹೋಗ್ಲಾ ಅಂತ. ಅವರಾಗಿ ಏನೂ ಹೇಳಿರ್ಲಿಲ್ಲ. ನಾನೇ ಕೇಳಿದ್ದು."

"ಮತ್ತೆ ಆವತ್ತೇ ಯಾಕೆ ಹೊರಡಲಿಲ್ಲ?"

"ಘಟ್ಟದಲ್ಲಿ ಲಾರಿ ಕೆಟ್ಟು ಅಡ್ಡ ನಿಂತಿದೆ, ಆಂಬ್ಯುಲೆನ್ಸ್ ನಾಳೆ ಅಂದ್ರು. ಬೆಳಿಗ್ಗೆ ಹೊರಡ್ಸೋಕೆ ಅಂತ ನಿದ್ದೆ ಔಷಧಿ ನಿಲ್ಸಿದ್ರು. ನೀವು ಕಣ್ಣು ಬಿಟ್ರಿ. ಕೈ ಒತ್ತಿ ಅಂದ್ರೆ ಒತ್ತಿದ್ರಿ. ನೀವೇ ಉಸಿರು ಎಳ್ಕೊಂಡ್ರಿ." ಅವಳು ನೀರಿನ ಕಡೆ ನೋಡುತ್ತಿದ್ದಳು. "ಆ ಲಾರಿಯಿಂದ ಉಳಿದೋರು ನೀವು. ನನ್ನಿಂದ ಉಳಿದಿದ್ದಲ್ಲ."

"ಗಾಜಿನ ಹತ್ತಿರ ನೀನು ನಿಂತಿದ್ದು..."

"ಅಲ್ಲಿ ಗಾಜೇ ಇಲ್ರೀ. ಹಸಿರು ಪರದೆ ಇದ್ದಿದ್ದು."

ಇಲ್ಲದ ಗಾಜಿನ ಮೇಲೆ ನನ್ನ ಸಾವಿನ ತೀರ್ಮಾನ ಕಟ್ಟಿದ್ದೆ. ಅದರ ಮೇಲೆ ಅವಳಿಗೆ ಹೇಡಿ ಎಂಬ ಹೆಸರನ್ನೂ ಇಟ್ಟಿದ್ದೆ. ಟ್ಯೂಬ್ ಹಾಕಲೇಬಾರದು ಎಂದು ನಾನು ಮೊದಲೇ ಬರೆದಿಟ್ಟಿದ್ದರೆ ಆ ನ್ಯುಮೋನಿಯಾದಲ್ಲೇ ಹೋಗುತ್ತಿದ್ದೆ. ಏನೂ ಬರೆದಿಡದೆ ಅವಳ ಮೇಲೆ ಬಿಟ್ಟದ್ದರಿಂದ ಅವಳು ಒಬ್ಬಳೇ ನಿಂತು ಆ ಮಾತು ಆಡಬೇಕಾಯಿತು. ಆಡಿದವಳಿಗೆ ನಾನು ಬದುಕಿ ಬಂದದ್ದೇ ಶಿಕ್ಷೆಯಾಯಿತು. ನನ್ನ ಮುಖ ನೋಡಿದಾಗಲೆಲ್ಲ ಅವಳಿಗೆ ಏನು ಕಾಣುತ್ತಿತ್ತೋ! ದಿನಾ ಗಂಜಿ ಕುಡಿಸುವಾಗ, ಕಾಲು ಒತ್ತುವಾಗ, ಆ ಮಾತು ಅವಳ ಬಾಯಲ್ಲೇ ಇತ್ತು.

ಮುಂದಿನ ವಾರ ಗಿರಿಜಳನ್ನೂ ಕರೆದುಕೊಂಡು ಕೊಪ್ಪದ ಮೇಡಂ ಹತ್ತಿರ ಹೋದೆ. ಗುಂಡಿಯ ವಿಷಯ ಬಿಟ್ಟು ಉಳಿದದ್ದೆಲ್ಲ ನಾನು ಹೇಳಿದೆ. ಗುಂಡಿಯ ವಿಷಯವನ್ನು ಗಿರಿಜ ಹೇಳಿದಳು. ಮೇಡಂ ಒಂದು ಕ್ಷಣ ಮೇಜು ನೋಡಿದರು.

ಆಮೇಲೆ ಬಿಡಿಸಿ ಹೇಳಿದರು. ಬೇಕು ಅಥವಾ ಬೇಡ ಎಂದು ಎರಡೇ ಉತ್ತರ ಇರಬೇಕಾಗಿಲ್ಲ. ಸೋಂಕಿನಂಥ ವಾಸಿಯಾಗಬಹುದಾದ ಕಾರಣ ಇದ್ದರೆ ವೆಂಟಿಲೇಟರನ್ನು ಕೆಲವು ದಿನ ಪ್ರಯತ್ನಿಸಬಹುದು. ಸುಧಾರಿಸದಿದ್ದರೆ ಕುತ್ತಿಗೆಗೆ ತೂತು ಮಾಡಿ ಮುಂದುವರಿಸುವುದು ಬೇಡ ಎನ್ನಬಹುದು. ಕಾಯಿಲೆಯೇ ಮುಂದುವರಿದು ಹಾಗಾಗಿದ್ದರೆ ಟ್ಯೂಬೇ ಬೇಡ ಎನ್ನಬಹುದು. ಆಗ ಉಸಿರಿನ ಸಂಕಟ ಕಡಿಮೆ ಮಾಡುವ ಔಷಧಿ ಕೊಡುತ್ತಾರೆ, ಮನೆಯಲ್ಲೇ ಕೊಡಬಹುದು.

"ಅಮ್ಮ, ತೀರ್ಮಾನ ಮಾಡೋರು ನೀವಲ್ಲ" ಎಂದರು ಗಿರಿಜಳಿಗೆ. "ತೀರ್ಮಾನ ಇವರದ್ದು. ಇವರು ಬರೆದಿದ್ದನ್ನ ನೀವು ಓದಿ ಹೇಳೋದು, ಅಷ್ಟೇ."

"ಓದಿ ಹೇಳೋದು ನನಗೆ ಬರುತ್ತೆ" ಎಂದಳು ಗಿರಿಜ. "ಹೊಟ್ಟೆ ಹೊರೆದಿದ್ದೇ ಅದರಲ್ಲಿ."

ಆ ವರ್ಷ ಅವಳು ತಮಾಷೆ ಮಾಡಿದ್ದು ಅದೇ ಮೊದಲು ಎಂದು ನನಗೆ ನೆನಪು. ತಪ್ಪಿರಬಹುದು.

ಹೆಸರು ಹಾಕಲು ಒಪ್ಪಿದಳು, ಷರತ್ತು ಹಾಕಿ. ವೀಣಾಳ ಹೆಸರು ತನ್ನ ಹೆಸರಿನ ಜೊತೆಗೆ ಇರಬೇಕು, ಯಾರೊಬ್ಬರೂ ಒಂಟಿಯಾಗಿ ಆ ಬಾಗಿಲಲ್ಲಿ ನಿಲ್ಲಬಾರದು. ಮೇಡಂ ಸಹಾಯದಿಂದ ನಾನು ಬರೆದೆ, ವೀಣಾ ಟೈಪ್ ಮಾಡಿದಳು. ಕಾಲೇಜಿನ ಇಬ್ಬರು ಹಳೆಯ ಸಹೋದ್ಯೋಗಿಗಳು ಸಾಕ್ಷಿ ಹಾಕಲು ಬಂದರು. ಕೊಪ್ಪದ ನೋಟರಿ ವಕೀಲರಿಗೆ ಇದು ಮೊದಲ ಅನುಭವ. ಮೂರು ಸಲ ಓದಿ, ಪ್ರತಿ ಸಲವೂ ಕನ್ನಡಕ ತೆಗೆದು ನನ್ನನ್ನು ನೋಡಿದರು, ಇವನು ಸರಿಯಿದ್ದಾನೆಯೇ ಎಂಬಂತೆ.

"ಇನ್ನೊಂದು ಸಾಲು ಸೇರ್ಸಿ" ಎಂದಳು ಗಿರಿಜ. "ಪ್ರಾಣ ಹೋಗಿದೆ ಅಂತ ಡಾಕ್ಟರ್ ಹೇಳೋ ತನಕ ಯಾರೂ ಹಾರೆ ಮುಟ್ಟಬಾರ್ದು ಅಂತ."

"ಟೀಚರೇ, ಇದರಲ್ಲಿ ಚಿಕಿತ್ಸೆಯ ವಿಷಯ ಮಾತ್ರ ಬರೆಯೋದು" ಎಂದರು ವಕೀಲರು.

"ನಮ್ಮನೇಲಿ ಅದೂ ಚಿಕಿತ್ಸೆ ವಿಷಯವೇ."

ವಕೀಲರು ಸೇರಿಸಲಿಲ್ಲ. ಗಿರಿಜ ಅಲ್ಲಿಂದಲೇ ಷಡಕ್ಷರಿಗೆ ಫೋನು ಹಚ್ಚಿ, ಸ್ಪೀಕರಿನಲ್ಲಿಟ್ಟು, ಎಲ್ಲರೆದುರು ಅವನಿಂದ ಮಾತು ತೆಗೆದುಕೊಂಡಳು. "ಮುಟ್ಟಲ್ಲ ಅತ್ತಿಗೆ, ಹಾರೆ ಬೇರೆಯೋರಿಗೆ ಮಾರೇಬಿಟ್ಟೆ" ಎಂದ ಅವನು. ಆಮೇಲೆ ದನಿ ಬದಲಿಸಿ, "ಆ ಜಾಗದಲ್ಲೇ ಅಲ್ವಾ ಅಣ್ಣ, ಆ ಹೊತ್ತು ಬಂದ ಮೇಲೆ?" ಎಂದು ಕೇಳಿದ. ನಾನು ಲಿಂಗ ಕಟ್ಟುವುದನ್ನು ಬಿಟ್ಟು ದಶಕಗಳಾಗಿವೆ. ಸತ್ತ ಮೇಲೆ ಏನೂ ಇಲ್ಲವೆಂದೇ ಈಗಲೂ ನಂಬಿದ್ದೇನೆ. ಆದರೂ ಹೌದು, ಅಲ್ಲೇ, ಎಂದೆ. ನನಗೆ ಏನೂ ವ್ಯತ್ಯಾಸವಾಗದ ಸಂಗತಿಯಲ್ಲಿ ಅವರಿಗೆ ವ್ಯತ್ಯಾಸವಾಗುವುದಾದರೆ ಅದು ಅವರದ್ದು.

ಈಗ ನಾನು ಗೇಟಿನವರೆಗೆ ನಡೆಯುತ್ತೇನೆ. ಕೆಲವು ದಿನ ಅದೂ ಆಗುವುದಿಲ್ಲ. ಮಾತು ಅರ್ಧಕ್ಕೆ ನಿಲ್ಲುವುದು ಮಾಮೂಲಾಗಿದೆ, ಉಳಿದರ್ಧವನ್ನು ಗಿರಿಜ ತುಂಬುತ್ತಾಳೆ, ಬಹಳ ಸಲ ತಪ್ಪಾಗಿ. ಸಹಿ ಹಾಕಿದ ಮೇಲೆ ಕಾಯಿಲೆ ಕಡಿಮೆಯಾಗಲಿಲ್ಲ. ಆದರೆ ಅದರ ಬಗ್ಗೆ ಮನೆಯಲ್ಲಿ ಗಟ್ಟಿಯಾಗಿ ಮಾತಾಡಬಹುದು. ನನಗೆ ಸಿಕ್ಕಿರುವುದು ಅಷ್ಟು. ಅದು ಕಡಿಮೆಯಲ್ಲ.

ಒಂದು ಮಾತ್ರ ನನ್ನನ್ನು ಕೊರೆಯುತ್ತಿತ್ತು. ನನ್ನ ಗಾಜನ್ನು ಪರೀಕ್ಷಿಸಿದ್ದಾಯಿತು. ಅವಳ ಲಾರಿಯನ್ನು ಯಾರೂ ಪರೀಕ್ಷಿಸಿರಲಿಲ್ಲ.

ಷಡಕ್ಷರಿಯನ್ನು ಕೇಳಿದೆ, ಆ ಸಂಜೆ ಘಟ್ಟದಲ್ಲಿ ಲಾರಿ ಕೆಟ್ಟು ನಿಂತಿತ್ತಾ ಎಂದು. "ಲಾರಿನಾ? ನಾನು ಅದೇ ಸಂಜೆ ಅದೇ ಘಟ್ಟ ಹತ್ತಿ ಬಂದೆನಲ್ಲ ಮಾರಾಯ. ರಸ್ತೆ ಖಾಲಿ ಇತ್ತು" ಎಂದ. ಹಾಗಾದರೆ ಆಂಬ್ಯುಲೆನ್ಸ್ ಯಾಕೆ ಹೊರಡಲಿಲ್ಲ ಎಂದು ಕೇಳಿದೆ. ಅವನು ಹೇಳಿದ. ಅದನ್ನು ಯಾರಿಗೂ ತಿಳಿಸದೆ ಇಟ್ಟುಕೊಂಡು, ಘಟ್ಟದ ಕೆಳಗೆ ಚೆಕಪ್ಪಿಗೆ ಹೋದಾಗ ಐ.ಸಿ.ಯು. ಡಾಕ್ಟರನ್ನು ಕಂಡು ಅದೇ ಪ್ರಶ್ನೆ ಕೇಳಿದೆ. ಅವರಿಗೆ ನೆನಪಿತ್ತು. ನನ್ನ ಹಾಗೆ ನಡೆದುಕೊಂಡು ವಾಪಸ್ ಬಂದು ಪ್ರಶ್ನೆ ಕೇಳುವವರು ಕಡಿಮೆಯಂತೆ. ಇಬ್ಬರ ಉತ್ತರವೂ ಒಂದೇ ಆಗಿತ್ತು.

ಗಿರಿಜಳಿಗೆ ಹೇಳಿದೆ. ಅವಳು ನಂಬಲಿಲ್ಲ. "ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀರಿ" ಎಂದಳು. ನಾನು ಬಾಯಲ್ಲಿ ಹೇಳಿದ್ದನ್ನು ಅವಳು ನಂಬದಿರುವುದಕ್ಕೆ ಕಾರಣಗಳಿವೆ, ಅದಕ್ಕೇ ಬರೆದಿದ್ದೇನೆ. ಇಲ್ಲಿರುವ ಉಳಿದ ಎಷ್ಟೋ ವಿವರಗಳಿಗೆ ನಾನು ಹೊಣೆ ಹೊರಲಾರೆ. ಇದಕ್ಕೆ ಹೊರುತ್ತೇನೆ.

ಆಂಬ್ಯುಲೆನ್ಸ್ ಮಾರನೇ ದಿನಕ್ಕೆ ನಿಂತದ್ದು ಲಾರಿಯಿಂದಲ್ಲ. ಮನೆಗೆ ಕರೆದೊಯ್ಯುವ ಮಾತನ್ನು ಆ ದಿನ ಮೊದಲು ತೆಗೆದದ್ದು ಡಾಕ್ಟರು. ಅದಕ್ಕೆ ಗಿರಿಜ ಕೊಟ್ಟ ಮೊದಲ ಉತ್ತರ, "ಇನ್ನೊಂದು ದಿನ ನೋಡಬಹುದಾ?"